ಎಡಗಂಕುಳಿನ ಫ್ಲಾಸ್ಕು

ಮೂರು ವಾರದಿಂದ ನನ್ನ ಅಂಗಡಿಗೆ ಗಿರಾಕಿ ಇಲ್ಲ.
ಮೊಂಟೆವಿಡಿಯೊದ ಈ ಗಲ್ಲಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಬೀಗದ ಕೈ ಉಜ್ಜುತ್ತಿರುವ ನನ್ನನ್ನು
ಜನ ನೋಡುವ ರೀತಿಯೇ ಈಗ ಬೇರೆ.
ಕಾರಣ ಇಷ್ಟೇ: ನಾನು ಹುಟ್ಟಾ ಎಡಚ.

ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮೂರಲ್ಲಿ ಮನುಷ್ಯನಿಗೆ ಎರಡು ಕೈ, ಒಂದು ಫ್ಲಾಸ್ಕು.
ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ, ಸೋರೆಬುರುಡೆ ಅಂಗೈಯಲ್ಲಿ,
ಬುರುಡೆಯೊಳಗೆ ಕಹಿಸೊಪ್ಪು, ಹೀರಲೊಂದು ಲೋಹದ ಕೊಳವೆ.
ಮದುವೆಗೂ ಹೀಗೇ, ಮಣ್ಣಿಗೂ ಹೀಗೇ,
ಬಸ್ಸಿನ ಹಿಂದೆ ಓಡುವಾಗಲೂ ಹೀಗೇ.
ಒಬ್ಬರು ಬುರುಡೆ ಕೈಬಿಟ್ಟರೆ
ಇನ್ನೊಬ್ಬರು ಬುರುಡೆ ಬಿಡಲು ಶುರು.
ಪಾನೀಯದ ಹೆಸರು ಮಾತೆ.
ಮಾತೇ.

ಇನ್ನು ಧಾರಾವಾಹಿ. ರಾತ್ರಿ ಒಂಬತ್ತಕ್ಕೆ, 'ಬಂದರಿನ ವಿಧವೆಯರು'.
ಇನ್ನೂರ ಹನ್ನೆರಡನೆಯ ಕಂತಿನಲ್ಲಿ
ಡಾಕ್ಟರ್ ಎವಾರಿಸ್ತೊ, ಆರು ವರ್ಷದ ಬಲಗಂಕುಳಿನ ಮನುಷ್ಯ,
ಬಾಗಿಲು ತಳ್ಳಿ ಒಳಗೆ ಬಂದ.
ಫ್ಲಾಸ್ಕು ಎಡಕ್ಕೆ.

ನಾಲ್ಕು ಸೆಕೆಂಡು. ಆಮೇಲೆ ಸೋಪಿನ ಜಾಹೀರಾತು.

ಬೇಕರಿಯ ನೆಲಿದಾ ಬೆಳಿಗ್ಗೆ ಬ್ರೆಡ್ಡು ಸುತ್ತುತ್ತಲೇ ತೀರ್ಪು ಕೊಟ್ಟಳು:
ಇವನು ಅವನಲ್ಲ, ಅವನ ಅವಳಿ.
ಅವನನ್ನು ಹಡಗಿನಲ್ಲೇ ಮುಗಿಸಿದ್ದಾರೆ. ತೊಂಬತ್ತನೆಯ ಕಂತಿನಲ್ಲಿ
ಮಂಜು ಕವಿದಿತ್ತಲ್ಲ, ಸುಮ್ಮನೆ ಕವಿಯುತ್ತದೆಯೇ ಮಂಜು?
ಎತ್ತು ಈಯಿತು ಅಂದಳು;
ಮಧ್ಯಾಹ್ನದೊಳಗೆ ನಮ್ಮ ಬೀದಿ
ಕರು ಕಟ್ಟಿ, ಹಾಲು ಕರೆದು, ಗಿಣ್ಣು ಹಂಚಿತ್ತು.

ಅವಳಿಯೂ ಅಲ್ಲ ಗಿವಳಿಯೂ ಅಲ್ಲ, ಅದು ಕನ್ನಡಿ,
ಅಂದ ಔಷಧದಂಗಡಿಯ ವಾಷಿಂಗ್ಟನ್;
ಸಾಕ್ಷಿಗೆ ಕೋಟಿನ ಗುಂಡಿ ಎಣಿಸಿಟ್ಟಿದ್ದ.
ನಿವೃತ್ತ ಗಣಿತದ ಟೀಚರು ಓಫೆಲಿಯಾ
ಎರಡು, ಒಂದು, ಎರಡು ಕೂಡಿಸಿ ಐದು ಮಾಡಿ
ಕನ್ನಡಕ ಒರೆಸುತ್ತ ಕೇಳಿದರು:
ಐದನೆಯ ವಿಧವೆಯ ಗಂಡ ಇನ್ನೂ ಸತ್ತಿಲ್ಲ, ಗಮನಿಸಿದಿರಾ?

ನೆಲಿದಾಳ ತಂಗಿಯ ಮಗ ವಿಲ್ಮಾರ್
ಆ ಸ್ಟುಡಿಯೋದಲ್ಲೇ ದೀಪ ಹಿಡಿಯುವ ಹುಡುಗ.
ಅಯ್ಯೋ ದೊಡ್ಡಮ್ಮ, ನಟನಿಗೆ ಭುಜ ನೋವು,
ಮುಲಾಮು ತಿಕ್ಕಿದವನೇ ನಾನು, ಅಂದ.
ಅವಳು ಮರುಕದಿಂದ ಕೆನ್ನೆ ತಟ್ಟಿದಳು:
ಪಾಪ, ಹಾಗೆ ಹೇಳು ಅಂತ ಹೇಳಿಕೊಟ್ಟಿದ್ದಾರೆ.
ದೀಪ ಹಿಡಿದವನ ಬುಡದಲ್ಲೇ ಕತ್ತಲೆ.

ಅಂದಿನಿಂದ ಎಡಗಂಕುಳಿನವರಿಗೆ ಶನಿಕಾಟ.
ಅಂಚೆಯವನು ಕೇಳಿದ: ನಿಮಗೊಬ್ಬ ಅಣ್ಣ ಇದ್ದನಲ್ಲವೇ?
ಇಲ್ಲವಲ್ಲ, ಅಂದೆ.
ಎಷ್ಟು ಬೇಗ ಇಲ್ಲ ಅಂದುಬಿಟ್ಟಿರಿ, ಅಂದ.
ಆ ರಾತ್ರಿ ಹಳೆಯ ಆಲ್ಬಮ್ಮು ತೆಗೆದು ನೋಡಿದೆ.
ಹೌದು, ನಾನೇ. ನೋಡಿದೆ.

ಕಳೆದ ಗುರುವಾರ ನೆಲಿದಾಳ ಗಂಡ ಎಬರ್
ನದಿಯಲ್ಲಿ ಗಾಳ ಎಸೆದೆಸೆದು ಭುಜ ಉಳುಕಿಸಿಕೊಂಡು
ಮೀನು ಬಲಗೈಯಲ್ಲಿ ಜೋತುಬಿಟ್ಟು ಮನೆಗೆ ಬಂದ.
ಫ್ಲಾಸ್ಕು ಎಡಕ್ಕೆ.
ಎದುರಂಗಡಿಯಿಂದ ನಾನು ಕಣ್ಣಾರೆ ಕಂಡೆ:
ಬಾಗಿಲಿಗೆ ಅಡ್ಡ ನಿಂತ ನೆಲಿದಾ, ಕೈಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು.

ಅಲ್ಲೇ ನಿಲ್ಲು. ಎಪ್ಪತ್ತೊಂಬತ್ತರಲ್ಲಿ, ಕಡಲಕಟ್ಟೆಯ ಮೇಲೆ,
ಮೊದಲ ಸಲ ನನ್ನ ಕೈ ಹಿಡಿದು
ಏನು ಹೇಳಿದ್ದೆ?

ಎಬರ್ ಯೋಚಿಸಿದ. ಮೀನೂ ಯೋಚಿಸಿದ ಹಾಗಿತ್ತು.
ಚಳಿ ಇದೆ ಅಂತಲೇ?
ಅಲ್ಲ.
ಹಸಿವು ಅಂತ?
ಅಲ್ಲ.
ಹಾಗಾದರೆ ನೆನಪಿಲ್ಲ ಮಾರಾಯ್ತಿ.

ಚಾಕು ಕೆಳಗಿಳಿಯಿತು.
ಇವನೇ, ಅಂದಳು ಇಡೀ ಬೀದಿಗೆ ಕೇಳುವ ಹಾಗೆ,
ಅವಳಿಯಾಗಿದ್ದರೆ ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದ.
ಮುಲಾಮಿನ ವಾಸನೆ ನನ್ನಂಗಡಿಯ ತನಕ ಬಂತು.

ಮಾರನೆಯ ದಿನ ಬಂದಳು, ಮೂರು ವಾರದ ಮೊದಲ ಗಿರಾಕಿ.
ಮನೆಯ ಬೀಗದ ಕೈ ಮೇಜಿನ ಮೇಲಿಟ್ಟು, ಇನ್ನೊಂದು ಮಾಡಿಕೊಡು, ಅಂದಳು.
ಯಾರಿಗೆ?
ಎಷ್ಟಾದರೂ, ಅಂದಳು, ಮಂಜು ಸುಮ್ಮನೆ ಕವಿಯುವುದಿಲ್ಲ.

ಎಡಗೈಯಲ್ಲೇ ಉಜ್ಜಿಕೊಟ್ಟೆ.
ಅವಳು ಅಷ್ಟು ಹೊತ್ತು ರಸ್ತೆಯ ಕಡೆ ನೋಡುತ್ತಿದ್ದಳು.