ಎಡಗಾಲಿನ ಕೆಲಸ

ಮನ್ಸಿ ಎಂಬುದು ಊರಿನ ಹೆಸರು, ಗೇರ್‌ಬಾಕ್ಸಿನ ಹೆಸರೂ ಹೌದು.
ಇಂಡಿಯಾನಾದ ಈ ಊರಲ್ಲಿ ಅದನ್ನು ಜೋಡಿಸಿದ ಕಾರ್ಖಾನೆ
ಈಗ ಬೇಲಿ ಸುತ್ತಿದ ಬಯಲು,
ಕಾಂಕ್ರೀಟಿನ ಬಿರುಕಲ್ಲಿ ಕಾಡುಸಾಸಿವೆ.
ಅಲ್ಲಿ ಮೂವತ್ತೊಂದು ವರ್ಷ ದುಡಿದ ವರ್ಲಿನ್ ಸ್ಟೂಕಿ
ನಮ್ಮ ಎದುರು ಮನೆಯವರು.
ಅವರ ಶೆಡ್ಡಿನಲ್ಲಿ ಅರವತ್ತೇಳರ ಶೆವೆಲ್,
ಹುಣಸೆಹಣ್ಣು ಕಾಣದ ಹಿತ್ತಾಳೆ ಕೊಡದ ಬಣ್ಣ,
ಬಾನೆಟ್ಟಿನ ಕೆಳಗೆ ಕುದುರೆಗಳ ದೊಂಬಿ.

ಎಡ ಮೊಣಕಾಲಿಗೆ ಉಕ್ಕಿನ ಕೀಲು ಕೂತ ಮೇಲೆ
ಅವರಿಗೆ ಕ್ಲಚ್ ಒತ್ತಲಾಗದು.
ಆ ಪೆಡಲ್ ಒತ್ತುವುದೆಂದರೆ
ಒಂದೇ ಹಗ್ಗದಲ್ಲಿ ಎರಡು ಕೊಡ ಸೇದಿದಂತೆ,
ಅದೂ ಕಾಲಲ್ಲಿ, ಸಿಗ್ನಲ್ಲಿಗೊಂದು ಸಲ.

ಮಾರಿಬಿಡಿ, ಎಂದ ಮಗಳ ಗಂಡ.
ಮಾರಲಿಲ್ಲ. ಒಂದು ಪೆಟ್ಟಿಗೆ ತರಿಸಿದರು:
ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್,
ನಡುವೆ ಜಡೆಯಂತೆ ಹೆಣೆದ ಉಕ್ಕಿನ ಕೊಳವೆ.
ಒಡೆಯ, ಜೀತದಾಳು. ನಾನು ಮುಖ ಸಿಂಡರಿಸಿದೆ.
"ಹೆಸರಿಟ್ಟವನು ನಾನಲ್ಲ," ಎಂದರು.

ಫೈರ್‌ವಾಲಿಗೆ ತೂತು ಕೊರೆಯಬೇಕು.
ಕಾಗದದ ಅಚ್ಚು ಅಂಟಿಸಿ, ಡ್ರಿಲ್ ಹಿಡಿದು, ಕೆಳಗಿಟ್ಟರು.
ಮರುದಿನ ಹಿಡಿದು, ಕೆಳಗಿಟ್ಟರು.
ಐವತ್ತೇಳು ವರ್ಷ ಮಳೆಯನ್ನು ಒಳಗೆ ಬಿಡದ ತಗಡು.
ಗುರುವಾರ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ ಬರುವಾಗ
ಶೆಡ್ಡಿನ ಹೊಸ್ತಿಲಲ್ಲಿ ಲೋಹದ ಸುರುಳಿಗಳು, ಎಳೆ ಹೊಳಪು.
ಕೊರೆದಿದ್ದರು, ಬೆಳಗಿನ ಐದಕ್ಕೆ, ಯಾರೂ ನೋಡದಾಗ.

ಕಳಚಿದ ಹಳೆಯ ಸರಳುಗಳು ಬೆಂಚಿನ ಮೇಲೆ:
ಪೆಡಲಿನಿಂದ ಇಳಿವ ಕಡ್ಡಿ, ಅಡ್ಡಗೋಲು, ಗ್ರೀಸು ಒಣಗಿದ ಗುಂಡು.
ನೋಡಿದ್ದೇ ಗುರುತು ಹಿಡಿದೆ.
ಗುಳೇದಗುಡ್ಡದಲ್ಲಿ, ಕುಣಿಮಗ್ಗದಲ್ಲಿ ಇಳಿಬಿಟ್ಟ ಅಪ್ಪನ ಕಾಲು
ತುಳಿಮಣೆ ಅದುಮಿದರೆ ಹಗ್ಗ, ಹಗ್ಗದಿಂದ ಕೋಲು, ಕೋಲಿನಿಂದ ಎಳೆ.
ಒಂದೇ ಎಳೆ ಹರಿದರೂ
ಕಣ್ಣಿಗಿಂತ ಮೊದಲು ಅಂಗಾಲಿಗೆ ಸುದ್ದಿ.
ಹೇಳಿದೆ. ವರ್ಲಿನ್ ತಲೆಯಾಡಿಸಿದರು.
"ಇನ್ನು ಎಣ್ಣೆ. ಅದು ಏನೂ ಹೇಳುವುದಿಲ್ಲ."

ಗಾಳಿ ತೆಗೆಯಲು ಇಬ್ಬರು ಬೇಕು,
ಒಬ್ಬರು ಸೀಟಿನಲ್ಲಿ, ಒಬ್ಬರು ಅಡಿಯಲ್ಲಿ ಸ್ಪ್ಯಾನರ್ ಹಿಡಿದು.
ಹೂವಿನ ಕವರಿನ ದಿಂಬೊಂದನ್ನು ಕೇಳದೆಯೇ ನನ್ನ ಬೆನ್ನಿಗೆ ಕೊಟ್ಟು
ಅವರು ಕಾರಿನಡಿ ಸರಿದರು.
ಬಹಳ ಹೊತ್ತು ದನಿಯಿಲ್ಲ.
ಆಮೇಲೆ:
"ಇಲ್ಲಿ ಮಲಗಿ ಹೇಳುವ ಮಾತು ಮೂರೇ. ನಲವತ್ತು ವರ್ಷ
ಬ್ರೇಕು ಕೆಟ್ಟಾಗಲೆಲ್ಲ ಆರ್ಡಿತ್‌ಗೆ ಹೇಳಿದವು.
ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?"

ಕೊಟ್ಟೆ. ಒತ್ತು. ಹಿಡಿ. ಬಿಡು.

ಅವರ ನಾಲಗೆಗೆ ನಮ್ಮ ತಕಾರ ಒಗ್ಗದು,
ಹಲ್ಲಿಗೆ ತಾಗದೆ ಅಂಗುಳಕ್ಕೆ ಏರುತ್ತದೆ.
"ಒಟ್ಟು," ಬಂತು ಕಾರಿನಡಿಯಿಂದ.
ಒತ್ತಿದೆ.
"ಹಿಡಿ."
ಬಾಟಲಿಯಲ್ಲಿ ಗುಳುಗುಳು.
"ಬಿಡು."
ತಿದ್ದಲಿಲ್ಲ ನಾನು.
ಒಟ್ಟು, ಹಿಡಿ, ಬಿಡು. ಒಟ್ಟು, ಹಿಡಿ, ಬಿಡು.
ಇಪ್ಪತ್ತಾರರವರೆಗೆ ಎಣಿಸಿದೆ, ಆಮೇಲೆ ಎಣಿಸಲಿಲ್ಲ.

ಶನಿವಾರ ನೋಡಿದರೆ ಪೆಡಲ್ ನೆಲಕ್ಕೆ ಕುಸಿದಿದೆ.
ಕೆಳಗೆ ಹಾಸಿದ ರಟ್ಟಿನಲ್ಲಿ ರೂಪಾಯಿಯಗಲ ಒದ್ದೆ,
ಕೊಳವೆಯ ಕೊರಳು ಕಾಲು ಸುತ್ತು ಸಡಿಲ.
ಬೈದರು, ಅದು ಮಾತ್ರ ತಮ್ಮ ಭಾಷೆಯಲ್ಲೇ.
ಮತ್ತೆ ಮೊದಲಿಂದ.

ಭಾನುವಾರ ಸಂಜೆ ಕಾರು ಬೀದಿಗಿಳಿಯಿತು,
ಕಿಟಕಿ ಗಾಜುಗಳೆಲ್ಲ ಗದಗದ.
ಕಾರ್ಖಾನೆಯ ಬಯಲಿಗೆ ಎರಡು ಸುತ್ತು,
ಒಂದು, ಎರಡು, ಮೂರು, ನಾಲ್ಕನೆಯ ಗೇರು, ಮತ್ತೆ ಇಳಿದು ಒಂದು.
ಬೇಲಿಯ ಬಳಿ ಎಂಜಿನ್ ಆರಿಸಿದರು.
"ಹೇಗಿದೆ?" ಎಂದೆ.
"ಬೆಣ್ಣೆ," ಎಂದರು, ದೂರು ಕೊಡುವವರಂತೆ.
ಮೊಣಕಾಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು,
ಅದಕ್ಕೀಗ ಮಾಡಲು ಕೆಲಸವಿಲ್ಲವಲ್ಲ ಎಂಬಂತೆ.

ಬಳಿಕ ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆರೆದು
ಕೀಲಿಕೈ ಚಾಚಿದರು.
ದಿಂಬು ಹಿಂದಿನ ಸೀಟಿನಲ್ಲಿತ್ತು. ಎಳೆದುಕೊಂಡೆ.
ಎಡಗಾಲು ತಾನಾಗಿಯೇ ಪೆಡಲ್ ಹುಡುಕಿತು.
"ಒಟ್ಟು," ಎಂದರು, ಈ ಸಲ ಪಕ್ಕದಿಂದ.