ನಂಬರ್ ೧೧೪೩

ಕಟಪಾಡಿಯ ಲ್ಯಾನ್ಸಿ ಪೊರ್ಬುಗಳ ಸ್ಟುಡಿಯೋದಲ್ಲಿ
ಎರಡು ವರ್ಷ ಬರೀ ಲೈಟು ಹಿಡಿದೆ.
ಕೈ ನೋಯುತ್ತದೆ ಎಂದರೆ
"ಮದುಮಗಳ ಕುತ್ತಿಗೆಯೂ ನೋಯುತ್ತದೆ, ನೋಡು,
ಅವಳು ಹೇಳುತ್ತಾಳಾ?" ಎನ್ನುವರು.

ಕಲಿಸಿದ್ದು ಇಷ್ಟು:
ಬ್ಯಾಟರಿ ಸೊಂಟದಲ್ಲಿರಲಿ, ಚೀಲದಲ್ಲಿ ಬೇಡ.
ಇಗರ್ಜಿಯಲ್ಲಿ ಪೀಠಕ್ಕೆ ಬೆನ್ನು ಹಾಕಬೇಡ.
ರೋಸಿನ ದಿನ ತೆಂಗಿನಹಾಲು ಲೆನ್ಸಿಗೆ ಹಾರುತ್ತದೆ,
ಹಾರಲಿ, ಒರೆಸು, ಮುಖ ಗಂಟು ಹಾಕಬೇಡ.
ಬ್ಯಾರಿಗಳ ಮದರಂಗಿ ರಾತ್ರಿಗೆ ನೀನೇ ಹೋಗು,
ನನ್ನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ.
ಊಟಕ್ಕೆ ಕೊನೆಯ ಪಂಕ್ತಿ.
ಐಸ್‌ಕ್ರೀಮು ಮುಗಿದಿರುತ್ತದೆ. ಬೇಜಾರು ಬೇಡ.

ಎಲ್ಲಿ ನೋಡಬೇಕೆಂದು ಮಾತ್ರ ಹೇಳಲಿಲ್ಲ.

ಅದು ನನಗೆ ತಡವಾಗಿ ತಿಳಿಯಿತು.
ಮದುವೆಯ ದಿನ ಮುಖಗಳೆಲ್ಲ ಬಾಡಿಗೆಯವು,
ಬೆಳಿಗ್ಗೆ ಐದಕ್ಕೆ ಪಾರ್ಲರಿನಿಂದ ಬಂದವು.
ಕೈಗಳು ಮನೆಯವೇ.
ಸಾಲಿನಲ್ಲಿ ನಿಂತೇ ಕವರಿನೊಳಗೆ
ಐನೂರೋ ಇನ್ನೂರೋ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡುವ ಕೈ,
ಮಲ್ಲಿಗೆ ಚೆಂಡಿನ ಬಾಳೆನಾರು ಬಿಚ್ಚುತ್ತ
ಒಂದು ತುಂಡು ತನಗೆಂದು ಉಳಿಸಿಕೊಳ್ಳುವ ಅತ್ತಿಗೆಯ ಕೈ,
ಉಂಗುರ ಹೊಗದೆ ಸೋಪು ಹಚ್ಚಿಕೊಂಡ ಮದುಮಗನ ಬೆರಳು.
ಅದಕ್ಕೇ ನಾನು ಕ್ಯಾಮರಾ
ಎದೆಗಿಂತ ಸ್ವಲ್ಪ ಕೆಳಗೆ ಹಿಡಿಯುವುದು.
"ಎಂತ, ನೆಲದ್ದು ತೆಗೀತೀರಾ?" ಎಂದು ಕೇಳುತ್ತಾರೆ ಜನ.

ಮಲ್ಪೆಯಲ್ಲಿ ಒಂದು ಮದುವೆ.
ಮುಹೂರ್ತ ಹನ್ನೊಂದು ನಲವತ್ತೆಂಟು.
ಹಾಲ್‌ನ ಮೂರು ಫ್ಯಾನಿನಲ್ಲಿ ಎರಡು ಸತ್ತಿದ್ದವು,
ಪ್ರೀತೇಶನ ಡ್ರೋನು ದ್ವಾರದ ಬಾಳೆಗೊನೆಗೆ ತಾಗಿ ಬಿದ್ದು
ಒಂದು ಗಲಾಟೆ ಆಗಷ್ಟೇ ಮುಗಿದಿತ್ತು.
ನಿಶ್ಮಿತಾಳ ಕೈ, ಅವನ ಕೈ,
ನಡುವೆ ತೆಂಗಿನಕಾಯಿ, ಹಿಂಗಾರ.
ಧಾರೆಯ ಗಿಂಡಿ ಎತ್ತಿದ್ದು ಸೋದರಮಾವ, ಜೊತೆಗೆ ಅತ್ತೆ.
ವಾದ್ಯ ಒಮ್ಮೆಗೇ ಏರಿತು,
ನನ್ನ ಮುಂದೆ ನೂರು ಮೊಬೈಲು ಎದ್ದವು
ಬಲೆ ಎಳೆದಾಗಿನ ಬೂತಾಯಿಯ ಹಾಗೆ ಮಿನುಗುತ್ತ.
ಜಾಗವಿಲ್ಲದೆ ಎಡಕ್ಕೆ ಸರಿದೆ,
ಕಂಬದ ಹತ್ತಿರ.

ಅಲ್ಲಿ ವಾರಿಜಕ್ಕ.
ಮದುಮಗಳ ತಾಯಿ.
ಗಂಡ ಕಡಲಿನಿಂದ ಮರಳದೆ ಹದಿನಾರು ವರ್ಷ.
ಬಂದರಿನಲ್ಲಿ ಬುಟ್ಟಿ ಹೊತ್ತು
ಈ ಹಾಲ್‌ನ ಬಾಡಿಗೆ ಕಟ್ಟಿದವರು.
ಧಾರೆಗೆ ಮಾತ್ರ ಮುಂದೆ ಬರುವ ಹಾಗಿಲ್ಲ.
ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗಿಂಡಿ ಬಾಗಿತು, ಅಲ್ಲಿ, ವೇದಿಕೆಯ ಮೇಲೆ.
ಇಲ್ಲಿ, ಕಂಬದ ಹಿಂದೆ
ಅವರ ಎರಡೂ ಕೈ, ಖಾಲಿ,
ಅವರಿಗೇ ಗೊತ್ತಿಲ್ಲದೆ
ಅಷ್ಟೇ ಬಾಗಿದವು.
ಅಲ್ಲಿ ಗಿಂಡಿ ನೆಟ್ಟಗಾಗುವ ತನಕ
ಎಂತದೂ ಸುರಿಯದೆ ಸುರಿಯುತ್ತಿದ್ದವು.

ಒಂದೇ ಒಂದು ತೆಗೆದೆ.

ಹಾಗಾಗಿ ಧಾರೆಯ ಫೋಟೋ ನನ್ನಲ್ಲಿಲ್ಲ.
ವಿಡಿಯೋದಿಂದ ಕತ್ತರಿಸಿ ಆಲ್ಬಮ್ಮಿಗೆ ಹಾಕಿದ್ದು, ಮಬ್ಬು ಮಬ್ಬು.
ಲ್ಯಾನ್ಸಿ ಸರ್ ಬೈದರು.
ಬೈದದ್ದು ಸರಿಯೇ. ಅವರು ಕೊಟ್ಟ ದುಡ್ಡು ಧಾರೆಗೆ.

ಸೆಲೆಕ್ಷನ್ ಪಟ್ಟಿ ಗಂಡಿನ ಮನೆಯಿಂದ ವಾಪಸು ಬಂತು.
೧೧೪೩ರ ಮುಂದೆ ಕೆಂಪು ಪೆನ್ನಿನಲ್ಲಿ:
ಬೇಡ. ಕಂಬ ಬಂದಿದೆ.

ಪುಟ್ಟದೊಂದು ಪ್ರಿಂಟು ಹಾಕಿ ಡ್ರಾಯರಿನಲ್ಲಿಟ್ಟಿದ್ದೆ.
ಮಳೆ ಹಿಡಿದು ಬೋಟುಗಳೆಲ್ಲ ದಡ ಸೇರಿದ ಮೇಲೆ
ಒಂದು ಮಧ್ಯಾಹ್ನ ಬಂದರು ವಾರಿಜಕ್ಕ.
ಕುರ್ಚಿ ಬೇಡವೆಂದು ಸ್ಟೂಲಿನಲ್ಲಿ ಕೂತರು.
ಕನ್ನಡಕ ತಂದಿರಲಿಲ್ಲ, ನನ್ನದನ್ನೇ ಹಾಕಿಕೊಂಡರು.
ತುಂಬ ಹೊತ್ತು ನೋಡಿದರು.
ಫೋಟೋದ ಕೈಯನ್ನು ಒಮ್ಮೆ,
ತಮ್ಮ ಕೈಯನ್ನು ಒಮ್ಮೆ.

"ಸೆರಗು ಸರಿ ಇಲ್ಲ ಮಗಾ.
ಒಂದು ಮಾತು ಹೇಳಿದ್ದರೆ ಸರಿ ಮಾಡಿಕೊಳ್ಳುತ್ತಿದ್ದೆ."

ಎಷ್ಟಾಯಿತು ಎಂದರು. ಬೇಡ ಎಂದೆ. ಒಪ್ಪಲಿಲ್ಲ.
ಮೂವತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು
ಫೋಟೋವನ್ನು ಒಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು,
ಅದನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ,
ಕನ್ನಡಕ ಕೊಡಲು ಮರೆತು
ಕೊಡೆ ಬಿಚ್ಚಿದರು.