ಒಂದು ಕೊಂಬು, ಒಂದು ಒತ್ತು

ಗುತ್ತಲು ರಸ್ತೆ, ಸೈಕಲ್ ಶಾಪಿನ ಮೇಲಿನ ಕೋಣೆ.
ಏಳೂವರೆಗೆ ಬರುತ್ತಾರೆ, ಗೆಜ್ಜಲಗೆರೆಯ ಗಾರ್ಮೆಂಟ್ಸಿನಿಂದ ನೇರ,
ತೋಳಿಗಂಟಿದ ನೂಲೆಳೆಗಳನ್ನೂ ಕೊಡವದೆ.
ಸೂಪರ್‌ವೈಸರ್ ಏನೆಂದು ಬೈಯುತ್ತಾನೆ, ಅದು ತಿಳಿಯಬೇಕಂತೆ.
ಅಷ್ಟು ಇಂಗ್ಲಿಷು ಸಾಕಂತೆ.

ಇವತ್ತು ಬೋರ್ಡಿನ ಮೇಲೆ ಮೂರೇ ಅಕ್ಷರ.
ಕೂಡಿಸಿ ಓದಿದರು: ಕಟ್.
"ಅಯ್ಯೋ, ಇದು ನಮ್ದೇ ಕನ ಮಿಸ್ಸು," ಕೋಮಲಾಕ್ಷಿ ಎದ್ದು ನಿಂತಳು,
"ಹಸ ಕಟ್ಟು, ಹೂ ಕಟ್ಟು, ಮನೆ ಕಟ್ಟು, ಚೀಟಿ ದುಡ್ಡು ಕಟ್ಟು."
ಅಲ್ಲ ಮಾರಾಯ್ತಿ, ಪೂರಾ ಉಲ್ಟಾ, ಎಂದೆ.
ಒಂದು ಕೊಂಬು, ಒಂದು ಒತ್ತು ಬಿದ್ದರೆ
ಇಷ್ಟೊಂದು ಬಿದ್ದುಹೋಗುತ್ತದೆಯೇ, ಎಂದು ನನಗೂ ಆಗಲೇ ಹೊಳೆದದ್ದು.
"ಕೊಂಬು ಮುರುದ್ರೆ ಹಸ ಬಿಚ್ಕಂಡು ಓಯ್ತದೆ ಅನ್ನಿ!"

ಡಿಕ್ಷನರಿಯಲ್ಲಿ ಎರಡೂಕಾಲು ಪುಟ ಇತ್ತು ಆ ಪದ.
ಬೆರಳಿಟ್ಟು ಓದಬೇಕು ಎನ್ನುವಷ್ಟರಲ್ಲಿ ಅವರೇ ಶುರು ಹಚ್ಚಿದರು.
ಹತ್ತು ನಿಮಿಷ ಲೇಟಾದರೆ ಅರ್ಧ ದಿನ ಕಟ್.
ಪೇಟೆ ಬೀದಿಯಲ್ಲಿ ಕಟ್ ಪೀಸು, ಎರಡು ರವಿಕೆಗೆ ಒಂದು ಲಂಗ ಉಚಿತ.
ಕಟಿಂಗ್ ಆರ್ಡರು ಬರುವ ಹೊತ್ತಿಗೆ ಕಬ್ಬು ಸೂಲಂಗಿ ಬಿಟ್ಟಿತ್ತು.
ಶಬೀನಾಳ ತಮ್ಮನಿಗೆ ಅರ್ಧ ಮಾರ್ಕು, ಕಟಾಫು.
ಮರಿತಾಯಿಗೆ ಮಾತ್ರ ಅನುಮಾನ:
"ನಾಲೇಗೆ ಕಟ್ಟು ನೀರು ಅಂತಾರಲ್ಲ,
ಹದ್ನೈದು ದಿನ ಬುಡ್ತಾರೆ, ಹದ್ನೈದು ದಿನ ಇಲ್ಲ.
ಅದು ನಮ್ ಕಟ್ಟೋ, ಅವರ ಕಟ್ಟೋ?"
ನನಗೆ ಗೊತ್ತಿರಲಿಲ್ಲ. ನೀರಾವರಿ ಇಲಾಖೆಯನ್ನು ಕೇಳಿ, ಎಂದೆ.

ಸರಿ, ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತೀರಿ?
ಯಾವುದಕ್ಕೆ? ಎಂದರು. ಯಾವುದನ್ನು ಅಂತ ಮೊದಲು ಹೇಳಿ.
ಭತ್ತವಾದರೆ ಕುಯ್ಯಬೇಕು, ಕಬ್ಬಾದರೆ ಕಡಿಯಬೇಕು,
ಸೌದೆ ಸೀಳಬೇಕು, ಬಟ್ಟೆ ಕತ್ತರಿಸಬೇಕು,
ಕೊತ್ತಂಬರಿ ಚಿವುಟಿದರೂ ಆಯಿತು,
ಉಗುರನ್ನಂತೂ ಸುಮ್ಮನೆ ತೆಗೆಯಬೇಕು, ಅದೂ ಶುಕ್ರವಾರ ಅಲ್ಲ.
"ಬದ್ನೆಕಾಯಿ ಎಚ್ಚಬೇಕು," ಹಿಂದಿನ ಬೆಂಚಿನಿಂದ ಯಾರೋ,
"ಸಂಬಳ ಎಚ್ಚು ಮಾಡಿ ಅಂದೊ,
ಅವರೂ ಅದನ್ನ ಬದ್ನೆಕಾಯಿ ಅಂದ್ಕಂಡು ಎಚ್ಚುಬುಟ್ರು."

ನಗು ಇನ್ನೂ ನಿಂತಿರಲಿಲ್ಲ, ಇಂದ್ರಾಣಿ ಹೇಳಿದಳು,
ಪೆನ್ನಿನ ಮುಚ್ಚಳ ನೋಡುತ್ತ:
"ನಂದು ಕಟ್ಟಿದ್ದು ಪಾಂಡವಪುರದ ಛತ್ರದಲ್ಲಿ.
ಕಟ್ಟಾಗಿದ್ದು ಮಂಡ್ಯ ಕೋರ್ಟಲ್ಲಿ.
ನಡುವೆ ಎಂಟು ವರ್ಷ."
ಯಾರೂ ಏನೂ ಅನ್ನಲಿಲ್ಲ.
ಆ ಹೊತ್ತಿಗೇ ಕರೆಂಟು ಹೋಯಿತು.
"ಇದೊಂದು ಬರ್ಕಳಿ ಮಿಸ್ಸು," ಎಂದು ಇಂದ್ರಾಣಿಯೇ ನಕ್ಕಳು ಕತ್ತಲಲ್ಲಿ,
ಆಮೇಲೆ ಎಲ್ಲರೂ.

ಹೊಂಬಾಳಮ್ಮ ಬಾಯಿ ಬಿಟ್ಟದ್ದು ಆಗ.
ಚೆಕಿಂಗ್ ಟೇಬಲ್ಲಿನಲ್ಲಿ ಕಾಲರಿನ ನೂಲು ತೆಗೆಯುವ ಮುದುಕಿ,
ಮೂರು ತಿಂಗಳಿಂದ ಬಂದು ಸುಮ್ಮನೆ ಕೂತವಳು.
"ನೂರಾ ಹನ್ನೊಂದು ಕೂಸು ತಗ್ದಿವ್ನಿ ಈ ಕೈಲಿ.
ಬ್ಲೇಡು ಬಂದಿದ್ದು ಆಮೇಲೆ, ಮೊದ್ಲು ಕುಡ್ಲು ಕಾಯ್ಸಿ.
ಹೊಕ್ಕುಳ ಬಳ್ಳಿಗೆ ಎರಡು ಕಡೆ ನೂಲು ಕಟ್ಟಬೇಕು ಕನ್ರವ್ವ, ಬಿಗಿಯಾಗಿ.
ಆಮೇಲೆ ನಡುವೆ ಕುಯ್ಯಬೇಕು.
ಕಟ್ಟದೆ ಕುಯ್ದರೆ ಕೂಸು ಉಳಿಯಾಕಿಲ್ಲ.
ಕಟ್ಟಿ, ಕುಯ್ಯದೆ ಬುಟ್ರೆ,
ತಾಯಿ ಎದ್ದು ಓಡಾಡದು ಎಂಗೆ?"

ಡಿಕ್ಷನರಿಯಲ್ಲಿ ಅದು ಎಷ್ಟನೆಯದು ಎಂದು
ಮೊಬೈಲಿನ ಬೆಳಕಲ್ಲಿ ಹುಡುಕಿದೆ.
ಒಂಬತ್ತೂ ಹತ್ತರ ಬಸ್ಸಿಗೆ ಎಲ್ಲರೂ ಇಳಿದರು, ಮೆಟ್ಟಿಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದು.
ಕೊನೆಗೆ ಉಳಿದ ಹೊಂಬಾಳಮ್ಮ
ನನ್ನ ಸೆರಗಿನಿಂದ ಒಂದು ಎಳೆ ಎಳೆದಳು,
"ಬಿಟ್ರೆ ಪೂರಾ ಬಿಚ್ಕಬುಡ್ತದೆ," ಎಂದು ಗಂಟು ಹಾಕಿ
ಬಗ್ಗಿ ಹಲ್ಲಲ್ಲಿ ಕಡಿದಳು.